ಮಗ ಏನು ಮಾಡ್ತಾನೆ?

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳು. ಸ್ಮರಣ ಸಂಚಿಕೆಗಾಗಿ ಅಲ್ಲಲ್ಲಿ ತಿದ್ದಿ ಬರೆದುಕೊಟ್ಟಿದ್ದೇನೆ.)



ಈ ತಿಂಗಳ ವಿಷಯ ಮಕ್ಕಳ ವೃತ್ತಿ ಅಂತ ಕಾರ್ಯದರ್ಶಿಗಳು ಹೇಳಿದಾಗ, ನಾನು ಮಾತಾಡ್ತೀನಿ ಅಂತ ನಾನಾಗಿಯೇ ಹೆಸರು ಕೊಟ್ಟೆ. ಇಷ್ಟು ವರ್ಷ ಈ ಸಂಘಕ್ಕೆ ಬರುತ್ತಿದ್ದೇನೆ, ಕೋಸಂಬರಿ ಹಂಚಿದ್ದೇನೆ, ರಾಜ್ಯೋತ್ಸವಕ್ಕೆ ಕೋಲಾಟ ಆಡಿದ್ದೇನೆ, ಮೈಕು ಮಾತ್ರ ಹಿಡಿದವಳಲ್ಲ. ಈಗ ಯಾಕೆ ಹಿಡಿದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಶ್ರಾವಣದ ಅರಿಶಿನ ಕುಂಕುಮಕ್ಕೆ ಒಬ್ಬರ ಮನೆಗೆ ಹೋಗಿದ್ದೆ. ಹೋದಲ್ಲೆಲ್ಲ ಇರುವ ಪ್ರಶ್ನೆಯೇ ಅಲ್ಲಿಯೂ ಬಂತು: "ಮಗ ಏನು ಮಾಡ್ತಾನೆ?" ನಾಲ್ಕು ವರ್ಷ ಈ ಪ್ರಶ್ನೆಗೆ ನಾನು "ಬೆಂಗಳೂರಿನಲ್ಲಿದ್ದಾನೆ, ಕಂಪ್ಯೂಟರ್ ಕೆಲಸ" ಅಂತ ಹೇಳುತ್ತಾ ಬಂದಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ, ಅವನು ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆಯೇ ಕೂರುತ್ತಿದ್ದ. ಆ ದಿನ ಯಾಕೋ ಬಾಯಿಗೆ ಸುಳ್ಳು ಬರಲಿಲ್ಲ. "ಪೋಕರ್ ಆಡ್ತಾನೆ. ಇಸ್ಪೀಟು. ಅದೇ ಅವನ ಉದ್ಯೋಗ" ಅಂದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಯಾರೋ ಮಾತು ಬದಲಿಸಿದರು. ನಾನು ಹೊರಟಾಗ ಒಬ್ಬ ಹೆಂಗಸು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ನನ್ನ ಹಿಂದೆಯೇ ಬಂದರು. "ಅಕ್ಕಾ, ನಮ್ಮ ಮನೆಯಲ್ಲೂ ಇದೇ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ" ಅಂದರು. ಅವರ ಕೈ ನಡುಗುತ್ತಿತ್ತು. ಆ ಕೈಯ ಸಲುವಾಗಿ ಇವತ್ತು ಮಾತಾಡುತ್ತಿದ್ದೇನೆ.

ನನ್ನ ತವರು ರಾಯಚೂರು. ಮದುವೆಯಾಗಿ ಹೈದರಾಬಾದಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಬ್ಯಾಂಕಿನವರು ಅಂದರೆ ನಿಮಗೆ ಗೊತ್ತಲ್ಲ, ಹಾಲಿನವನ ಲೆಕ್ಕವನ್ನೂ ಲೆಡ್ಜರಿನಲ್ಲಿ ಬರೆಯುವವರು. ಒಬ್ಬನೇ ಮಗ. ಇಲ್ಲೇ ಓದಿ ಎಂಜಿನಿಯರ್ ಆದ, ಬೆಂಗಳೂರಿನಲ್ಲಿ ಒಳ್ಳೆಯ ಕಂಪನಿ ಸೇರಿದ. 2021ರ ಯುಗಾದಿಗೆ ಮನೆಗೆ ಬಂದಿದ್ದ. ಬೇವುಬೆಲ್ಲ ತಿಂದು, ಊಟ ಮುಗಿಸಿ, ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆವು. "ಅಮ್ಮಾ, ಪಪ್ಪಾ, ನಾ ಕೆಲಸ ಬಿಟ್ಟೀನಿ" ಅಂದ. ಬೇರೆ ಕಂಪನಿಗೆ ಹೋಗುತ್ತಾನೆ ಅಂತ ನಾನು ಅಂದುಕೊಂಡೆ. "ಇಲ್ಲಮ್ಮಾ, ಇನ್ನ ಮ್ಯಾಲೆ ಪೋಕರ್ ಆಡ್ತೀನಿ. ಒಂದು ವರ್ಷದಿಂದ ಆಡ್ಲಿಕತ್ತೀನಿ, ಪಗಾರಕ್ಕಿಂತ ಹೆಚ್ಚು ಬರ್ಲಿಕತ್ತದ" ಅಂದ.

ನಮ್ಮ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೇ ಮಾತು: "ಧರ್ಮರಾಯನೂ ತಾನು ಚಲೋ ಆಡ್ತೀನಿ ಅಂತನೇ ತಿಳ್ಕೊಂಡಿದ್ದ." ಮಗನೂ ಬಿಡಲಿಲ್ಲ. "ನಳ ಮಹಾರಾಜ ಋತುಪರ್ಣನ ಕಡೆ ಅಕ್ಷಹೃದಯ ಕಲ್ತು ರಾಜ್ಯ ವಾಪಸ್ ಗೆದ್ದನಲ್ಲ ಪಪ್ಪಾ" ಅಂದ. ಇವರು ಎದ್ದು ನಿಂತು, "ಕಲಿಯೋಕಿಂತ ಮೊದಲ ಹೆಂಡ್ತೀನ್ನ ಕಾಡಿನ್ಯಾಗ ಬಿಟ್ಟು ಹೋಗಿದ್ದ" ಅಂದು ಒಳಗೆ ಹೋದರು. ಅಷ್ಟೇ. ಆ ಹಬ್ಬದಲ್ಲಿ ಅಪ್ಪ ಮಗ ಮತ್ತೆ ಮಾತಾಡಲಿಲ್ಲ.

ಜೂಜಾಡುವವನ ಮನೆಯ ಸಂಕಟ ಹೊಸದೇನಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಬಗ್ಗೆಯೇ ಒಂದು ಸೂಕ್ತವಿದೆ. ಅದರಲ್ಲಿ ಅವನ ಹೆಂಡತಿ ಬರುತ್ತಾಳೆ, ಅತ್ತೆ ಬರುತ್ತಾಳೆ, ಮಗ ಎಲ್ಲಿ ಅಲೆಯುತ್ತಿದ್ದಾನೋ ಎಂದು ಕೊರಗುವ ತಾಯಿಯೂ ಬರುತ್ತಾಳೆ. ಆಟ ಬಿಟ್ಟು ಹೊಲ ಉಳು ಎಂಬ ಬುದ್ಧಿಮಾತೂ ಇದೆ. ಅಷ್ಟು ಹಳೆಯ ಕಾಲದಿಂದ ನಾವು ತಾಯಂದಿರು ಇದೇ ಬಾಗಿಲಲ್ಲಿ ನಿಂತಿದ್ದೇವೆ ಅಂತ ಓದಿದಾಗ ನನಗೆ ಅಳುವೂ ಬಂತು, ಸ್ವಲ್ಪ ಧೈರ್ಯವೂ ಬಂತು.

ಮೊದಲ ಆರು ತಿಂಗಳು ನಾನು ಎಲ್ಲ ತಾಯಂದಿರು ಮಾಡುವುದನ್ನೇ ಮಾಡಿದೆ. ಅತ್ತೆ, ಉಪವಾಸ ಮಾಡಿದೆ, ಜಾತಕ ತೋರಿಸಿದೆ, ಸಂಬಂಧಿಕರ ಕೈಯಲ್ಲಿ ಬುದ್ಧಿ ಹೇಳಿಸಿದೆ. ಅದರಿಂದ ಆಗಿದ್ದಿಷ್ಟೇ, ಅವನು ಫೋನ್ ಮಾಡುವುದನ್ನು ಕಡಿಮೆ ಮಾಡಿದ. ಕೊನೆಗೆ ಒಂದು ರಾತ್ರಿ ನಾನೇ ಫೋನ್ ಮಾಡಿ, "ನಿನ್ನ ಆಟ ಅಂದ್ರ ಏನು ಅಂತ ನನಗೊಮ್ಮೆ ಹೇಳಿಕೊಡು" ಅಂದೆ. ಅವನಿಗೆ ನಂಬಿಕೆಯೇ ಬರಲಿಲ್ಲ. ವಿಡಿಯೊ ಕಾಲ್‌ನಲ್ಲಿ ಎಲೆ ಹಾಕಿ ತೋರಿಸಿದ.

ನಿಮಗೂ ಚಿಕ್ಕದಾಗಿ ಹೇಳುತ್ತೇನೆ. ಪ್ರತಿಯೊಬ್ಬನಿಗೆ ಎರಡು ಎಲೆ, ಅದನ್ನು ಅವನೊಬ್ಬನೇ ನೋಡಬೇಕು. ಮೇಜಿನ ನಡುವೆ ಐದು ಎಲೆ, ಅವು ಎಲ್ಲರಿಗೂ ಸೇರಿದವು. ಮೊದಲು ಮೂರು ಬಿಚ್ಚುತ್ತಾರೆ, ಆಮೇಲೆ ಒಂದು, ಆಮೇಲೆ ಇನ್ನೊಂದು. ಪ್ರತಿ ಹಂತದಲ್ಲೂ ದುಡ್ಡು ಹಾಕಬಹುದು, ಎಲೆ ಕೆಳಗಿಟ್ಟು ಹೊರಗೆ ಹೋಗಬಹುದು. ಎದುರಿನವನ ಹತ್ತಿರ ಏನಿರಬಹುದು, ಅವನು ಹಾಕಿದ ದುಡ್ಡು ನಿಜವೋ ಬೆದರಿಕೆಯೋ, ನನಗೆ ಬೇಕಾದ ಎಲೆ ಬರುವ ಸಾಧ್ಯತೆ ಎಷ್ಟು, ಇದನ್ನೆಲ್ಲ ಲೆಕ್ಕ ಹಾಕಬೇಕು. ಎಲೆ ಬೀಳುವುದು ಅದೃಷ್ಟ. ಆ ಎಲೆ ಇಟ್ಟುಕೊಂಡು ಏನು ಮಾಡುತ್ತೀಯ ಅನ್ನುವುದು ಬುದ್ಧಿ. ಅಮೆರಿಕದ ಎಂಐಟಿಯಲ್ಲಿ ಇದರ ಗಣಿತವನ್ನೇ ಪಾಠ ಮಾಡಿದ್ದಾರೆ. ಗೇಮ್ ಥಿಯರಿ ಕಟ್ಟಿದ ಜಾನ್ ಫಾನ್ ನಾಯ್ಮನ್ ಎಂಬ ದೊಡ್ಡ ಗಣಿತಜ್ಞರಿಗೂ ಪೋಕರ್ ಒಂದು ಮುಖ್ಯ ಉದಾಹರಣೆಯಾಗಿತ್ತು.

ನಾವು ಕಿಟ್ಟಿ ಪಾರ್ಟಿಯಲ್ಲಿ ತಂಬೋಲಾ ಆಡುತ್ತೇವಲ್ಲ, ಅದರಲ್ಲಿ ಬುದ್ಧಿ ಎಷ್ಟಿದೆ? ನಂಬರ್ ಕೂಗಿದಾಗ ಹೊಡೆದುಹಾಕುವಷ್ಟು! ಅದು ಪೂರ್ತಿ ಅದೃಷ್ಟ. ಆದರೂ ನಮ್ಮನ್ನು ಯಾರೂ ಜೂಜುಗಾರ್ತಿಯರು ಅನ್ನುವುದಿಲ್ಲ. (ನಗು) ಕಾರಣ ಸರಳವಾಗಿದೆ: ಇಪ್ಪತ್ತು ರೂಪಾಯಿ ಟಿಕೆಟ್ಟಿನಿಂದ ಯಾರ ಮನೆಯೂ ಹಾಳಾಗುವುದಿಲ್ಲ. ನಾನು ಇದರಿಂದ ಒಂದು ವಿಷಯ ಕಲಿತೆ. ಆಟ ಬುದ್ಧಿಯದೋ ಅದೃಷ್ಟದ್ದೋ ಅನ್ನುವ ವಾದದಲ್ಲಿ ತಂದೆತಾಯಿ ಸಿಕ್ಕಿಕೊಂಡರೆ ಅಲ್ಲೇ ಉಳಿದುಬಿಡುತ್ತೇವೆ. ನಮ್ಮ ಮನೆಯಲ್ಲಿ ಎರಡು ವರ್ಷ ಅದೇ ವಾದ ನಡೆಯಿತು. ಮಗ ಗೆದ್ದಾಗ ವಾದದಲ್ಲಿ ಅವನು ಗೆದ್ದ ಹಾಗೆ, ಸೋತಾಗ ಅಪ್ಪ ಗೆದ್ದ ಹಾಗೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು: ಪಣಕ್ಕೆ ಇಡುವುದು ಏನನ್ನು, ಎಷ್ಟನ್ನು, ಯಾರದ್ದನ್ನು?

ಈ ವಾದ ಕೋರ್ಟಿನಲ್ಲೂ ಮುಗಿದಿಲ್ಲ ನೋಡಿ. ಅದರಲ್ಲಿ ನಮ್ಮ ಊರಿನದೇ ಒಂದು ದೊಡ್ಡ ಪಾತ್ರವಿದೆ. ಸಿಕಂದರಾಬಾದಿನ ಒಂದು ರಿಕ್ರಿಯೇಷನ್ ಕ್ಲಬ್ಬಿನಲ್ಲಿ ರಮ್ಮಿ ಆಡುತ್ತಿದ್ದವರನ್ನು ಪೊಲೀಸರು ಹಿಡಿದಿದ್ದರು. ಆ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಎಂಬ ಜಾಣತನ ಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಅಂತ 1967ರಲ್ಲಿ ನ್ಯಾಯಾಲಯ ಹೇಳಿತು. ಮೂರೆಲೆ ಆಟ ಅದೃಷ್ಟದ್ದು ಅಂತಲೂ ಹೇಳಿತು. ಇವತ್ತಿಗೂ ದೇಶದ ಎಲ್ಲ ಕೋರ್ಟುಗಳಲ್ಲಿ ವಕೀಲರು ಆ ಸಿಕಂದರಾಬಾದಿನ ಕೇಸನ್ನೇ ಹಿಡಿದು ವಾದ ಮಾಡುತ್ತಾರೆ.

ಆದರೆ ಅದೇ ಊರಿನಲ್ಲಿ 2017ರಲ್ಲಿ ತೆಲಂಗಾಣ ಸರ್ಕಾರ ತನ್ನ ಗೇಮಿಂಗ್ ಕಾಯ್ದೆಯನ್ನು ತಿದ್ದಿತು. ಕೌಶಲದ ಆಟವಾದರೂ ಸರಿ, ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಆಡಿದರೆ ಅಪರಾಧ ಅಂತ ಮಾಡಿತು. ನಮ್ಮ ಮನೆಯಲ್ಲಿ ಕೂತು ಆ ಆ್ಯಪ್ ತೆರೆದರೆ ನಿಮ್ಮ ರಾಜ್ಯದಲ್ಲಿ ಅವಕಾಶವಿಲ್ಲ ಅಂತ ಬರುತ್ತಿತ್ತು. ಹಾಗಾಗಿ ಮಗ ಹಬ್ಬಕ್ಕೆ ಬಂದಷ್ಟು ದಿನ ಅವನಿಗೆ ರಜೆ. ನಾನು ದೇವರ ಮುಂದೆ ನಿಂತು ಈ ಕಾಯ್ದೆ ಕರ್ನಾಟಕಕ್ಕೂ ಬರಲಿ ಅಂತ ಬೇಡಿಕೊಂಡಿದ್ದೆ. ಬಂದೇ ಬಂತು! 2021ರ ಅಕ್ಟೋಬರಿನಲ್ಲಿ ಕರ್ನಾಟಕವೂ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿತು. ಮಗ ಮನೆಗೆ ಬರುತ್ತಾನೆ ಅಂತ ನಾನು ಕಾದೆ. ಅವನು ಚೀಲ ಕಟ್ಟಿಕೊಂಡು ಗೋವಾಕ್ಕೆ ಹೋದ. ಅಲ್ಲಿ ನಾಲ್ಕು ಹುಡುಗರು ಸೇರಿ ಬಾಡಿಗೆಗೆ ಇದ್ದರು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು, ಇವನು ಮತ್ತೆ ಬೆಂಗಳೂರಿಗೆ ಬಂದ. ಗುಜರಾತಿನ ಹೈಕೋರ್ಟ್ ಅದಕ್ಕೂ ಮೊದಲೇ, 2017ರಲ್ಲಿ, ಪೋಕರ್ ಜೂಜು ಅಂತ ತೀರ್ಪು ಕೊಟ್ಟಿತ್ತು. ಒಂದೇ ದೇಶ, ಒಂದೇ ಆಟ. ಗಡಿ ದಾಟಿದರೆ ಉದ್ಯೋಗ, ಈಚೆ ಬಂದರೆ ಅಪರಾಧ. ಇಂಥ ಕಡೆ ಕಾಲಿಟ್ಟು ನಿಲ್ಲುವುದು ಹೇಗೆ ಅಂತ ನನಗೆ ಅರ್ಥವಾಗುತ್ತಿರಲಿಲ್ಲ.

ಈ ನಡುವೆ ಗೆದ್ದವರ ಕಥೆಗಳನ್ನು ಮಗ ಕಳಿಸುತ್ತಿದ್ದ. ಪೋಕರ್ ಆಡುವ ಮುಸ್ಕಾನ್ ಸೇಠಿ ಎಂಬ ಹುಡುಗಿಗೆ 2018ರಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಕೈಯಿಂದ ಗೌರವ ಸಿಕ್ಕಿದೆ. ನಾನಾ ಕ್ಷೇತ್ರಗಳಲ್ಲಿ ಮೊದಲಿಗರಾದ ಮಹಿಳೆಯರಿಗೆ ಕೇಂದ್ರ ಸರ್ಕಾರ ಕೊಟ್ಟ ಗೌರವ ಅದು. 2024ರಲ್ಲಿ ಲಾಸ್ ವೇಗಸ್‌ನ ವಿಶ್ವ ಸರಣಿಯಲ್ಲಿ ನಮ್ಮ ದೇಶದ ಸಂತೋಷ್ ಸುವರ್ಣ ಎಂಬವರು ಒಂದೇ ಪಂದ್ಯದಲ್ಲಿ 54 ಲಕ್ಷ ಡಾಲರ್ ಗೆದ್ದರು. ಆ ಪಂದ್ಯಕ್ಕೆ ಕೂರಬೇಕಾದರೆ ಕಟ್ಟಬೇಕಾದದ್ದು ಎರಡೂವರೆ ಲಕ್ಷ ಡಾಲರ್. ಇವೆಲ್ಲ ನಿಜ. ಆದರೆ ಅಕ್ಕತಂಗಿಯರೇ, ಸಚಿನ್ ತೆಂಡೂಲ್ಕರ್ ಕಥೆ ನಿಜ ಅಂತ ಗಲ್ಲಿಯಲ್ಲಿ ಬ್ಯಾಟು ಹಿಡಿದ ಎಲ್ಲ ಹುಡುಗರ ಹೊಟ್ಟೆ ತುಂಬುವುದಿಲ್ಲ. ಪೋಕರಿನಲ್ಲಿ ಇನ್ನೂ ಒಂದು ಮಾತಿದೆ. ಒಬ್ಬ ಗೆದ್ದ ದುಡ್ಡು ಅದೇ ಮೇಜಿನ ಮೇಲೆ ಇನ್ನೊಬ್ಬ ಸೋತ ದುಡ್ಡು. ಮೇಜಿನ ಮಾಲೀಕ ಪ್ರತಿ ಆಟದಲ್ಲೂ ತನ್ನ ಪಾಲು ಎತ್ತಿಕೊಳ್ಳುತ್ತಾನೆ. ಹಾಗಾಗಿ ಎಲ್ಲರ ಜೇಬು ಕೂಡಿಸಿ ನೋಡಿದರೆ ಬಂದಾಗ ಇದ್ದಷ್ಟು ಹೋಗುವಾಗ ಇರುವುದಿಲ್ಲ. ಇದನ್ನು ನಾನು ಕಂಡುಹಿಡಿದದ್ದಲ್ಲ, ಮಗನೇ ಹೇಳಿದ್ದು. ಸೋತವನ ಮನೆಯಲ್ಲೂ ಒಬ್ಬ ತಾಯಿ ಇರುತ್ತಾಳಲ್ಲಪ್ಪಾ ಅಂತ ನಾನು ಕೇಳಿದಾಗ ಅವನ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇವತ್ತಿನವರೆಗೆ ಇಲ್ಲ.

ಅವನು ಕಲಿಸಿದ ಇನ್ನೊಂದು ಪಾಠ ಹೇಳುತ್ತೇನೆ, ಅದು ಮುಂದಿನ ಕಥೆಗೆ ಬೇಕು. ಪೋಕರಿನಲ್ಲಿ ಕೈಗೆ ಬರಬಹುದಾದ ಅತ್ಯುತ್ತಮ ಎರಡೆಲೆ ಅಂದರೆ ಜೋಡಿ ಎಕ್ಕ. ಎದುರಿನವನ ಹತ್ತಿರ ಜೋಡಿ ರಾಜ ಇದೆ ಅನ್ನಿ. ಎಕ್ಕದವನು ಎಲ್ಲ ಸರಿಯಾಗಿ ಆಡಿದರೂ, ಕೊನೆಯವರೆಗೆ ಹೋದರೆ, ಹೆಚ್ಚುಕಡಿಮೆ ಐದು ಸಲದಲ್ಲಿ ಒಂದು ಸಲ ಸೋಲುತ್ತಾನೆ. ಹೀಗೆ ಸರಿಯಾಗಿ ಆಡುತ್ತಲೇ ಒಂದು ವಾರ, ಒಂದು ತಿಂಗಳು, ಆರು ತಿಂಗಳು ಸೋಲುತ್ತಾ ಹೋಗಬಹುದು. ಇದಕ್ಕೆ ಅವರ ಭಾಷೆಯಲ್ಲಿ ಡೌನ್‌ಸ್ವಿಂಗ್ ಅನ್ನುತ್ತಾರೆ. ಹಾಗಾದರೆ ತಂದೆತಾಯಿಗೆ ತಿಳಿಯುವುದು ಹೇಗೆ? ಮಗ ಚೆನ್ನಾಗಿ ಆಡಿಯೂ ಕೆಟ್ಟ ಕಾಲದಿಂದ ಸೋಲುತ್ತಿದ್ದಾನೋ, ಆಡಲು ಬಾರದೆ ಸೋಲುತ್ತಿದ್ದಾನೋ? ಅದು ಅವನಿಗೇ ಸರಿಯಾಗಿ ತಿಳಿಯುವುದಿಲ್ಲ. "ಕೆಟ್ಟ ಕಾಲ" ಅನ್ನುವ ಮಾತು ನಿಜವೂ ಆಗಿರಬಹುದು, ತನಗೆ ತಾನೇ ಹೇಳಿಕೊಳ್ಳುವ ಸುಳ್ಳೂ ಆಗಿರಬಹುದು. ಈ ಉದ್ಯೋಗದ ದೊಡ್ಡ ಅಪಾಯ ಇದೇ ಅಂತ ನನಗೆ ಅನಿಸಿದೆ.

ನಮ್ಮ ಮನೆಗೂ ಅದು ಬಂತು, 2023ರಲ್ಲಿ. ಆ ವರ್ಷದ ಏಪ್ರಿಲಿನಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ಶೇಕಡಾ 30 ತೆರಿಗೆಯ ಹೊಸ ನಿಯಮ. ಅಕ್ಟೋಬರಿನಿಂದ ಆಟಕ್ಕೆ ಹಾಕುವ ದುಡ್ಡಿನ ಮೇಲೆಯೇ ಶೇಕಡಾ 28 ಜಿಎಸ್‌ಟಿ. ಅದರ ಜೊತೆಗೆ ಸೋಲು. ಮಗ ಫೋನಿನಲ್ಲಿ "ಎಲ್ಲಾ ಆರಾಮ ಅದ ಅಮ್ಮಾ" ಅನ್ನುತ್ತಿದ್ದ. ದೀಪಾವಳಿಗೆ ಬರಲಿಲ್ಲ, ಟೂರ್ನಮೆಂಟ್ ಇದೆ ಅಂದ.

2024ರ ಮಾಘಮಾಸದಲ್ಲಿ ರಾಯಚೂರಿನಲ್ಲಿ ನಮ್ಮ ಅಣ್ಣನ ಮೊಮ್ಮಗನ ಮುಂಜಿವೆ. ಊಟದ ಪಂಕ್ತಿ ಎದ್ದು ಕೈತೊಳೆಯುವಾಗ ನಮ್ಮ ವೈನಿ ಪಕ್ಕಕ್ಕೆ ಕರೆದು, "ನಿನ್ನ ಮಗ ಆ ರೊಕ್ಕ ಯಾವಾಗ ಕೊಡ್ತಾನವಾ?" ಅಂದರು. ನನ್ನ ಅಣ್ಣನ ಮಗನ ಹತ್ತಿರ ಇವನು ಎರಡೂವರೆ ಲಕ್ಷ ಸಾಲ ಮಾಡಿದ್ದ. ಅಮ್ಮನಿಗೆ ಹೇಳಬೇಡ ಅಂತ ಆಣೆ ಹಾಕಿಸಿದ್ದ. ಆಮೇಲೆ ವಿಚಾರಿಸಿದರೆ ಗೆಳೆಯನೊಬ್ಬನ ಹತ್ತಿರ ಇನ್ನೂ ಒಂದು ಲಕ್ಷ ಎಪ್ಪತ್ತು ಸಾವಿರ. ಒಟ್ಟು ನಾಲ್ಕು ಲಕ್ಷ ಇಪ್ಪತ್ತು ಸಾವಿರ. ತವರು ಮನೆಯ ಅಂಗಳದಲ್ಲಿ, ರೇಷ್ಮೆ ಸೀರೆ ಉಟ್ಟುಕೊಂಡು, ಒದ್ದೆ ಕೈಯಲ್ಲಿ ನಿಂತಿದ್ದೆ. ಆ ಹೊತ್ತು ಶತ್ರುವಿಗೂ ಬೇಡ.

ರಾತ್ರಿ ಹೈದರಾಬಾದಿಗೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಇವರು ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಬೀರುವಿನಿಂದ ಎಫ್‌ಡಿ ಕಾಗದ ತೆಗೆದರು. "ಮುರಿಸಿ ಕಟ್ಟಿಬಿಡೋಣ. ಮಾನ ಹೋಗ್ತದ" ಅಂದರು. ನೋಡಿ, ಮೂರು ವರ್ಷ ಮಗನ ಮೇಲೆ ಸಿಟ್ಟು ಮಾಡಿಕೊಂಡಿದ್ದ ತಂದೆಯೇ ದುಡ್ಡು ಕೊಡಲು ತಯಾರು. ದಿನಾ ಅವನ ಪರ ವಹಿಸುತ್ತಿದ್ದ ತಾಯಿ, ನಾನು, ಬೇಡ ಅಂದೆ. ಆ ಒಂದು ದಿನ ನಮ್ಮಿಬ್ಬರ ಮದುವೆಯಲ್ಲೇ ಅತಿ ಕಠಿಣವಾದ ದಿನ. "ಅವ ಏನಾರ ಮಾಡಿಕೊಂಡ್ರ?" ಅಂತ ಇವರು ಕೇಳಿದರು. ಆ ಹೆದರಿಕೆ ನನಗೂ ಇತ್ತು. ಆ್ಯಪ್ ಸಾಲ, ಬೆಟ್ಟಿಂಗ್ ಅಂತ ಹುಡುಗರು ಜೀವ ಕಳೆದುಕೊಂಡ ಸುದ್ದಿಯನ್ನು ಇಲ್ಲಿನ ಪೇಪರಿನಲ್ಲಿ ಓದದೇ ಇರುವವರು ಯಾರಿದ್ದೇವೆ? ಅದಕ್ಕೇ ದುಡ್ಡು ಕಳಿಸಲಿಲ್ಲ, ನಾವೇ ಹೊರಟೆವು. ಅವತ್ತೇ ರಾತ್ರಿ ಕಾಚಿಗುಡದಿಂದ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಚಟ್ನಿಪುಡಿ, ಶೇಂಗಾ ಹೋಳಿಗೆ ಡಬ್ಬಿ ಮರೆಯಲಿಲ್ಲ. ತಾಯಿ ಅಲ್ಲವೇ.

ಬಾಗಿಲು ತೆಗೆದ ಮಗನನ್ನು ನೋಡಿ ಗುರುತು ಸಿಗಲಿಲ್ಲ. ಸೊರಗಿದ್ದ, ಕಣ್ಣ ಕೆಳಗೆ ಕಪ್ಪು. ನಮ್ಮನ್ನು ನೋಡಿ ಕೂತುಬಿಟ್ಟ. ನಾನು ಮೊದಲು ಅನ್ನ ಸಾರು ಮಾಡಿದೆ. ಊಟ ಆದಮೇಲೆ ಇವರು ಕೇಳಿದ್ದು ಒಂದೇ: "ನಿನ್ನ ಲೆಕ್ಕದ ಪುಸ್ತಕ ತೋರ್ಸು." ಮಗನ ಹತ್ತಿರ ನಿಜಕ್ಕೂ ಲೆಕ್ಕ ಇತ್ತು. ಮೊದಲ ದಿನದಿಂದ ಪ್ರತಿ ಆಟದ್ದೂ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದ. ಆದರೆ 2023ರ ಆಗಸ್ಟಿನಿಂದ ಖಾಲಿ. ಸೋಲು ಜಾಸ್ತಿಯಾದ ತಿಂಗಳಿಂದ ಬರೆಯುವುದನ್ನೇ ಬಿಟ್ಟಿದ್ದ. ಇವರು ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, "ಬ್ಯಾಂಕಿನ್ಯಾಗ ನಾ ಮೂವತ್ತೈದು ವರ್ಷ ನೋಡೀನಿ. ಮನುಷ್ಯ ಬರೆಯೋದು ಬಿಟ್ಟ ದಿನ ಮುಳುಗಲಿಕ್ಕೆ ಶುರು" ಅಂದರು. ಮಗ ಅತ್ತ. ಸೋತದ್ದನ್ನು ವಾಪಸ್ ತೆಗೆಯಬೇಕು ಅಂತ ದೊಡ್ಡ ಮೇಜಿಗೆ ಹೋಗಿದ್ದೆ, ಅದು ತಪ್ಪು ಅಂತ ಗೊತ್ತಿದ್ದೂ ಹೋದೆ ಅಂತ ಹೇಳಿದ. ಆ ದಿನ ಮೊದಲ ಸಲ ಅಪ್ಪ ಮಗ ಒಂದೇ ಭಾಷೆಯಲ್ಲಿ ಮಾತಾಡಿದರು.

ಅಲ್ಲಿ ಕೂತು ಮೂವರೂ ಸೇರಿ ಒಂದು ಕಾಗದದ ಮೇಲೆ ಬರೆದುಕೊಂಡೆವು. ಸಾಲವನ್ನು ಅವನೇ ತೀರಿಸಬೇಕು. ನಾವು ಒಂದು ರೂಪಾಯಿ ಕೊಡುವುದಿಲ್ಲ. ಅಲ್ಲಿಯವರೆಗೆ ಆಟ ಬಂದ್. ಹೈದರಾಬಾದಿನ ಮನೆ, ಊಟ, ಅವನ ಕೋಣೆ ಯಾವಾಗಲೂ ಅವನದೇ, ಅದಕ್ಕೆ ಯಾವ ಷರತ್ತೂ ಇಲ್ಲ. ಒಬ್ಬ ಆಪ್ತಸಮಾಲೋಚಕರ ಹತ್ತಿರ ಹೋಗಿ ಮಾತಾಡಬೇಕು. ಅವನು ಬೈಕ್ ಮಾರಿದ. ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಟ್ಟ. ಹದಿನಾಲ್ಕು ತಿಂಗಳು ಹಿಡಿಯಿತು, ಪೂರ್ತಿ ತೀರಿಸಿದ. ಕೊನೆಯ ಕಂತು ಕೊಡಲು ತಾನೇ ರಾಯಚೂರಿಗೆ ಹೋಗಿ ಅತ್ತೆಯ ಕಾಲಿಗೆ ಬಿದ್ದು ಬಂದ. ನಾವು ಎಫ್‌ಡಿ ಮುರಿಸಿದ್ದರೆ ಒಂದು ದಿನದಲ್ಲಿ ಮಾನ ಉಳಿಯುತ್ತಿತ್ತು. ಮಗ ಉಳಿಯುತ್ತಿದ್ದನೋ ಇಲ್ಲವೋ ಗೊತ್ತಿಲ್ಲ.

ಸಾಲ ತೀರಿದ ಮೇಲೆ ಅವನು ಮತ್ತೆ ಆಟಕ್ಕೆ ಕೂತ, ಈ ಸಲ ಸಣ್ಣ ಮೇಜು, ಲೆಕ್ಕ ಪ್ರತಿ ಭಾನುವಾರ ಅಪ್ಪನಿಗೆ. ಮೂರು ನಾಲ್ಕು ತಿಂಗಳು ನಡೆಯಿತು. ಅಷ್ಟರಲ್ಲಿ 2025ರ ಆಗಸ್ಟ್ ಬಂತು. ಆನ್‌ಲೈನ್ ಗೇಮಿಂಗ್ ಕಾಯ್ದೆ ಲೋಕಸಭೆಯಲ್ಲಿ 20ರಂದು, ರಾಜ್ಯಸಭೆಯಲ್ಲಿ 21ರಂದು ಪಾಸಾಯಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ದೇಶದಾದ್ಯಂತ ನಿಷೇಧ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷದವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ. ಆಡುವವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ. ಮೂರು ದಿನದಲ್ಲಿ ಮಗನ ಆಫೀಸು, ಅಂದರೆ ಆ ಮೇಜುಗಳು, ಮುಚ್ಚಿಹೋದವು.

ನನ್ನ ಹರಕೆ ಇಷ್ಟು ದೊಡ್ಡದಾಗಿ ಫಲಿಸಿದಾಗ ನನಗೆ ಸಂತೋಷವಾಗಲಿಲ್ಲ, ನಿಜ ಹೇಳುತ್ತೇನೆ. ಸುದ್ದಿ ಬಂದ ರಾತ್ರಿ ಮಗನಿಗೆ ಮೊದಲು ಫೋನ್ ಮಾಡಿದವರು ನಮ್ಮ ಮನೆಯವರು. "ಮನಿಗೆ ಬಾ. ಯಾರೂ ಏನೂ ಅನ್ನೂದಿಲ್ಲ" ಅಂದರು. ಬಂದ. ಈಗ ಇಲ್ಲೇ ಇದ್ದಾನೆ. ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾನೆ. ನಾಲ್ಕು ವರ್ಷ ಏನು ಮಾಡಿದಿರಿ ಅಂತ ಎಲ್ಲ ಕಡೆ ಕೇಳುತ್ತಾರೆ, ನಿಜವನ್ನೇ ಹೇಳುತ್ತಾನೆ. ಎರಡು ಕಡೆ ಅಲ್ಲಿಗೇ ಮುಗಿಯಿತು. ಒಂದು ಕಡೆ ಅವನ ಲೆಕ್ಕದ ಹಾಳೆ ನೋಡಿ ಎರಡನೆಯ ಸುತ್ತಿಗೆ ಕರೆದಿದ್ದಾರೆ. ಗೋವಾದ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ ಎದುರುಬದುರು ಕೂತು ಆಡುವ ಆಟ ಇನ್ನೂ ಇದೆ. ಹೋಗುತ್ತೀಯಾ ಅಂತ ಕೇಳಿದೆ. "ವರ್ಷಕ್ಕ ಒಮ್ಮೆ, ನನ್ನ ರೊಕ್ಕದಾಗ" ಅಂದ. ಸರಿ ಅಂದೆ.

ಇಷ್ಟೆಲ್ಲ ಅನುಭವದಿಂದ ನಾನು ಕಲಿತದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಪೋಕರ್ ಅಂತಲ್ಲ, ಷೇರು ಮಾರುಕಟ್ಟೆಯ ಟ್ರೇಡಿಂಗ್‌ಗೆ ಇಳಿದ ಮಕ್ಕಳ ತಂದೆತಾಯಿಗೂ ಇದು ಉಪಯೋಗಕ್ಕೆ ಬರಬಹುದು.

ಮೊದಲನೆಯದು, ಗೆದ್ದದ್ದೆಷ್ಟು ಅಂತ ಕೇಳಬೇಡಿ, ಪೂರ್ತಿ ಲೆಕ್ಕ ಕೇಳಿ. ಹಾಕಿದ್ದು, ತೆಗೆದದ್ದು, ತೆರಿಗೆ ಕಟ್ಟಿದ್ದು. ಗೆದ್ದ ದಿನದ ಫೋಟೊ ಎಲ್ಲರೂ ತೋರಿಸುತ್ತಾರೆ. ವರ್ಷದ ಲೆಕ್ಕ ತೋರಿಸುವವನು ಮಾತ್ರ ಉದ್ಯೋಗ ಮಾಡುತ್ತಿದ್ದಾನೆ.

ಎರಡನೆಯದು, ಬದುಕಿನ ದುಡ್ಡು ಬೇರೆ, ಆಟದ ದುಡ್ಡು ಬೇರೆ ಇರಲಿ. ಆರು ತಿಂಗಳ ಬಾಡಿಗೆ, ಊಟ, ಆರೋಗ್ಯ ವಿಮೆ ಇವು ಬೇರೆ ಖಾತೆಯಲ್ಲಿರಬೇಕು. ಆಟದ ದುಡ್ಡು ಮುಗಿದರೆ ಆಟ ಮುಗಿಯಿತು. ಸಾಲದ ದುಡ್ಡಿನಲ್ಲಿ ಆಡುವ ಆಟಕ್ಕೆ ಉದ್ಯೋಗ ಅನ್ನುವ ಹೆಸರು ಕೊಡಬೇಡಿ. ಇಲ್ಲಿನ ಕಾಯ್ದೆ ಇವತ್ತು ಏನು ಹೇಳುತ್ತದೆ ಅನ್ನುವುದನ್ನೂ ನೀವೇ ತಿಳಿದುಕೊಳ್ಳಿ. ಗೆಳೆಯರು ಹೇಳಿದ ಕಳ್ಳದಾರಿಯ ಆ್ಯಪ್‌ಗಳಿಗೆ, ಹೊರದೇಶದ ಸೈಟುಗಳಿಗೆ ಹೋಗುತ್ತಿದ್ದರೆ ಖಡಾಖಂಡಿತ ಬೇಡ ಅನ್ನಿ.

ಮೂರನೆಯದು, ಇದು ಉದ್ಯೋಗವೋ ರೋಗವೋ ಅನ್ನುವುದನ್ನು ಗಮನಿಸಿ. ಸೋತದ್ದನ್ನು ವಾಪಸ್ ಪಡೆಯಲೆಂದೇ ಆಡುವುದು, ಪಣ ದೊಡ್ಡದಾಗುತ್ತಾ ಹೋಗುವುದು, ಸುಳ್ಳು, ಗುಟ್ಟಿನ ಸಾಲ, ನಿಲ್ಲಿಸಿದರೆ ಸಿಡುಕು, ನಿದ್ದೆ ಇಲ್ಲದಿರುವುದು ಇವು ಲಕ್ಷಣಗಳು. ಜೂಜಿನ ವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ರೋಗಕ್ಕೆ ಬೈಗುಳ ಮದ್ದಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಆನ್‌ಲೈನ್ ಆಟದ ಗೀಳಿಗೆಂದೇ 2014ರಿಂದ ಷಟ್ ಎಂಬ ಕ್ಲಿನಿಕ್ ಇದೆ. ನಮ್ಮ ಎರ್ರಗಡ್ಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಮಗ ಬರದಿದ್ದರೆ ನೀವೇ ಮೊದಲು ಫೋನ್ ಮಾಡಿ. ಜೀವದ ಮಾತು ಅವನ ಬಾಯಿಂದ ಬಂದರೆ ಒಂಟಿಯಾಗಿ ಬಿಡಬೇಡಿ, ಆ ಕ್ಷಣವೇ ಹೊರಡಿ.

ನಾಲ್ಕನೆಯದು ತಾಯಂದಿರಿಗೆ. ದುಡ್ಡಿನ ಬಾಗಿಲು ಮುಚ್ಚಿ, ಮನೆಯ ಬಾಗಿಲು ಮುಚ್ಚಬೇಡಿ. ಮದುವೆ ಮುಂಜಿಗೆ ಅವನನ್ನು ಬಿಟ್ಟು ಹೋಗಬೇಡಿ. ಯಾರಾದರೂ ಕೇಳಿದಾಗ ನನ್ನ ಹಾಗೆ ನಾಲ್ಕು ವರ್ಷ ಸುಳ್ಳು ಹೇಳಬೇಡಿ. ನಾನು ಹೊರಗೆ ಹೇಳಿದ ಸುಳ್ಳಿಗೂ ಅವನು ನನಗೆ ಹೇಳಿದ ಸುಳ್ಳಿಗೂ ಸಂಬಂಧವಿತ್ತು ಅಂತ ಈಗ ಅನಿಸುತ್ತದೆ. ಸೋತರೆ ಅಮ್ಮನಿಗೆ ನಾಚಿಕೆ ಅಂತ ಗೊತ್ತಿರುವ ಮಗ ಸೋತದ್ದನ್ನು ಅಮ್ಮನಿಗೆ ಹೇಗೆ ಹೇಳುತ್ತಾನೆ?

ಇವತ್ತು ನಾನು ಇಲ್ಲಿ ಮಾತಾಡುತ್ತೇನೆ ಅಂತ ಮಗನಿಗೆ ಹೇಳಿ, ಅವನ ಒಪ್ಪಿಗೆ ತೆಗೆದುಕೊಂಡೇ ಬಂದಿದ್ದೇನೆ. "ಎಲ್ಲಾ ಹೇಳು ಅಮ್ಮಾ, ರಾಯಚೂರಿನ ಸುದ್ದೀನೂ ಹೇಳು" ಅಂದ. ಅವನು ಮುಂದೆ ಏನಾಗುತ್ತಾನೋ ನನಗೆ ಗೊತ್ತಿಲ್ಲ. ಎರಡನೆಯ ಸುತ್ತು ಬರುವ ಗುರುವಾರ ಇದೆ. ನಿಮ್ಮ ಹಾರೈಕೆ ಇರಲಿ.

ಸಭೆ ಮುಗಿದ ಮೇಲೆ ನಾನು ಹಿಂದಿನ ಸಾಲಿನಲ್ಲಿ, ಕಾಫಿ ಮೇಜಿನ ಹತ್ತಿರ ಇರುತ್ತೇನೆ. ಯಾರಿಗಾದರೂ ಮಾತಾಡಬೇಕು ಅನಿಸಿದರೆ ಬನ್ನಿ. ಚಪ್ಪಲಿ ಹಾಕಿಕೊಳ್ಳುವ ನೆಪ ಬೇಕಿಲ್ಲ.